ಹೆಜ್ಜೆಯಲ್ಲವೆಂದು ತೆಗೆದಿಟ್ಟ ಮಾತು

ಶೋಭಾರಾಣಿಯ ಕೆಲಸ ಏನೆಂದು ಹೋಳೂರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಅವಳ ತಾಯಿ ಸುನಂದಮ್ಮ “ಕಂಪ್ಯೂಟರಿಗೆ ಪಾಠ ಹೇಳ್ಕೊಡ್ತಾಳೆ” ಅನ್ನುತ್ತಿದ್ದರು. ಪೂರ್ತಿ ಸುಳ್ಳಲ್ಲ. ಆದರೆ ಪಾಠ ಹೇಳುತ್ತಿದ್ದವಳು ಅವಳಲ್ಲ. ಹೇಳುವವರ ಪಕ್ಕದಲ್ಲಿ ಕೂತು ಹೇಳಿಸುವುದು ಅವಳ ಕೆಲಸ.

ಕೋಲಾರದಲ್ಲಿ ಬಿ.ಎ. ಮುಗಿಸಿದ ಮೇಲೆ ಏಳು ವರ್ಷ ಅವಳು ಹೆಂಗಸರ ಸಂಘಗಳಿಗೆ ಅರ್ಜಿ ತುಂಬಿಕೊಡುತ್ತ, ಸಭೆ ಸೇರಿಸುತ್ತ ಊರೂರು ತಿರುಗಿದ್ದಳು. ಎದುರಿಗಿದ್ದವರ ಸಂಕೋಚ ಬಿಡಿಸುವುದು ಅವಳಿಗೆ ಸಲೀಸು. ಕನ್ನಡದಲ್ಲಿ ಶುರುವಾಗಿ, ನಡುವೆ ತೆಲುಗಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬಂದು ನಿಲ್ಲುವ ಈ ಕಡೆಯ ಮಾತು ಅವಳ ಮನೆಯ ಮಾತೇ. ಬೆಂಗಳೂರಿನ ಒಂದು ಕಂಪನಿ ಹುಡುಕುತ್ತಿದ್ದುದು ಅಂಥವಳನ್ನೇ. ಕೆಲಸದ ಜಾಗಗಳನ್ನು ತಾನಾಗಿ ನಡೆಸುವ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಆ ಕಂಪನಿ ಮಾಡಿತ್ತು. ಅದಕ್ಕೆ ಕೆಲಸ ಕಲಿಸಬೇಕಾದವರು ಪ್ರೋಗ್ರಾಂ ಬರೆಯುವವರಲ್ಲ, ಆ ಕೆಲಸವನ್ನು ಕೈಯಾರೆ ಮಾಡಿ ಹಣ್ಣಾದವರು. ಅವರು ಹಣೆಗೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ಎಂದಿನಂತೆ ಕೆಲಸ ಮಾಡಬೇಕು, ಮಾಡುತ್ತಲೇ ಮಾತಾಡಬೇಕು. ವ್ಯವಸ್ಥೆ ಅದನ್ನು ನೋಡಿ, ಕೇಳಿ, ಒಂದೊಂದು ಹೆಜ್ಜೆಯಾಗಿ ಬಿಡಿಸಿ ಟ್ಯಾಬಿನ ಮೇಲೆ ಬರೆಯುತ್ತದೆ. ಅರ್ಥವಾಗದ ಕಡೆ ಪ್ರಶ್ನೆ ಹಾಕುತ್ತದೆ. ಆ ಪ್ರಶ್ನೆಯನ್ನು ಮನುಷ್ಯರ ಮಾತಿನಲ್ಲಿ ಕೇಳಿ, ಬಂದ ಉತ್ತರವನ್ನು ವ್ಯವಸ್ಥೆಗೆ ಒಪ್ಪುವ ಹಾಗೆ ತುಂಬುವವಳು ಶೋಭಾರಾಣಿ.

ಮೊದಲು ಅವಳನ್ನು ಹಾಕಿದ್ದು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಗೆ. ಅಲ್ಲಿ ಮಣ್ಣು ಹದ ನೋಡುವ ಮುದುಕರೊಬ್ಬರಿದ್ದರು. ಹದ ಬಂತೆಂದು ಹೇಗೆ ಗೊತ್ತಾಗುತ್ತದೆ ಎಂದರೆ “ಕೈಗೆ ಗೊತ್ತಾಗ್ತದಮ್ಮ” ಅನ್ನುವರು, ಅಷ್ಟೇ. ನಾಲ್ಕು ದಿನ ಅವರ ಕೈಯನ್ನೇ ನೋಡುತ್ತ ಕೂತಳು. ಐದನೆಯ ದಿನ ಹಿಡಿದುಬಿಟ್ಟಳು: ಮುದುಕರು ಹೆಬ್ಬೆರಳಿನಿಂದ ಉಂಡೆಯನ್ನು ಒತ್ತುತ್ತಾರೆ, ಅಂಚು ಎಷ್ಟು ಬಿರಿಯುತ್ತದೆಂದು ನೋಡುತ್ತಾರೆ. ಅದನ್ನು ತೋರಿಸಿದಾಗ ಮುದುಕರಿಗೇ ಆಶ್ಚರ್ಯ. ಶೋಭಾರಾಣಿ ಅಂದು ರೈಲಿನಲ್ಲಿ ಬರುವಾಗ ತನ್ನಷ್ಟಕ್ಕೆ ನಕ್ಕಿದ್ದಳು. ಜನಕ್ಕೆ ಯಾವುದು ತೀರಾ ಚೆನ್ನಾಗಿ ಗೊತ್ತೋ ಅದನ್ನೇ ಅವರು ಹೇಳುವುದಿಲ್ಲ ಎಂಬುದನ್ನು ಅವಳು ಅಲ್ಲಿ ಕಲಿತಳು. ಆ ತಿಳಿವಳಿಕೆಯ ಮೇಲೆ ಅವಳಿಗೆ ಬಹಳ ನಂಬಿಕೆಯಿತ್ತು.

ಎರಡನೆಯ ಕೆಲಸ ಶ್ರೀನಿವಾಸಪುರದ ಆಚೆ, ಚನ್ನರಾಯಪ್ಪ ಎಂಬವರ ಚಾಕಿ ಕೇಂದ್ರದಲ್ಲಿ. ರೇಷ್ಮೆ ಹುಳು ಮೊಟ್ಟೆಯೊಡೆದ ದಿನದಿಂದ ಎರಡನೆಯ ಜ್ವರ ಏಳುವವರೆಗೆ ಅಲ್ಲಿ ಸಾಕಿ, ಆಮೇಲೆ ರೈತರಿಗೆ ಕೊಡುತ್ತಾರೆ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ತಿನ್ನುವುದು ಬಿಟ್ಟು, ತಲೆಯೆತ್ತಿ ಅಲುಗದೆ ಕೂತು, ಹಳೇ ಚರ್ಮ ಕಳಚುವ ಹೊತ್ತು. ಆಗ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಬೆಳೆ ಕೆಟ್ಟಿತು. ಹಾಕಬೇಕಾದಾಗ ಹಾಕದಿದ್ದರೂ ಕೆಟ್ಟಿತು. ಆ ಹೊತ್ತನ್ನು ಆ ಕೇಂದ್ರದಲ್ಲಿ ಬಲ್ಲವಳು ಭಾರತಮ್ಮ ಒಬ್ಬಳೇ.

ಭಾರತಮ್ಮನಿಗೆ ಐವತ್ನಾಲ್ಕು. ತವರು ತಾಯಲೂರು. ಹನ್ನೆರಡನೆಯ ವಯಸ್ಸಿನಿಂದ ಹುಳದ ಜೊತೆಗಿದ್ದವಳು. ಅವಳ ಹಿಂದೆಯೇ ಇರುತ್ತಿದ್ದವಳು ಮುನಿಯಲ್ಲಮ್ಮ. ತಟ್ಟೆ ತೊಳೆಯುವುದು, ಕೋಣೆ ಗುಡಿಸುವುದು ಅವಳ ಪಾಲು. ಮೊದಲ ಬಾಣಂತನದಲ್ಲಿ ಜ್ವರ ಬಂದು ಅವಳ ಎರಡೂ ಕಿವಿ ಹೋಗಿದ್ದವು. ಇಬ್ಬರೂ ಒಂದೇ ಊರು, ಒಂದೇ ದಾರಿ. ಭಾರತಮ್ಮ ಅವಳನ್ನು ಕೂಗುತ್ತಿರಲಿಲ್ಲ, ಭುಜ ತಟ್ಟುತ್ತಿದ್ದಳು. ಒಂದು ತಟ್ಟಿದರೆ ಬಾ, ಎರಡು ತಟ್ಟಿದರೆ ಊಟ. ಬೇರೆಯವರು ಮುನಿಯಲ್ಲಮ್ಮನೊಂದಿಗೆ ಮಾತಾಡುವ ಗೋಜಿಗೇ ಹೋಗುತ್ತಿರಲಿಲ್ಲ.

ಮೊದಲ ದಿನ ಹಣೆಗೆ ಕ್ಯಾಮೆರಾ ಕಟ್ಟಿದಾಗ ಭಾರತಮ್ಮ ಮಾತೇ ಆಡಲಿಲ್ಲ. “ಹುಳದ ಮುಂದೆ ಜೋರಾಗಿ ಮಾತಾಡ್ಬಾರ್ದಮ್ಮ” ಎಂದುಬಿಟ್ಟಳು. ಶೋಭಾರಾಣಿ ತಾನೇ ಸೊಪ್ಪು ಹೆಚ್ಚಲು ಕೂತಳು, ದಪ್ಪದಪ್ಪ ಹೆಚ್ಚಿದಳು. ಅದನ್ನು ನೋಡಲಾಗದೆ ಭಾರತಮ್ಮ ಬಾಯಿ ಬಿಟ್ಟಳು. ಆಮೇಲೆ ಮಾತು ನಿಲ್ಲಲಿಲ್ಲ.

“ಅಕ್ಕಾ, ಇವು ಜ್ವರಕ್ಕೆ ಕೂತವೆ ಅಂತ ಹೆಂಗೆ ಗೊತ್ತಾಯ್ತು ನಿಮಗೆ?”

“ಮೈ ನೋಡು, ಹೊಳೀತಾ ಇಲ್ವಾ? ಎಣ್ಣೆ ಸವರಿದಂಗೆ.”

“ಎಲ್ಲಾ ಹೊಳೀಬೇಕಾ?”

“ಎಲ್ಲಾ ಒಂದೇ ಸಲ ಎಲ್ಲಿ ಕೂರ್ತವೆ? ನೂರಕ್ಕೆ ತೊಂಬತ್ತು ಕೂತ್ರೆ ಸೊಪ್ಪು ನಿಲ್ಸು. ಸುಣ್ಣದ ಪುಡಿ ತೆಳ್ಳಗೆ ಹಾಕು. ಏಳೋವಾಗ ಅವಸರ ಮಾಡ್ಬೇಡ, ಮೊದಲು ಎದ್ದಿದ್ದು ಕಾಯ್ಲಿ.”

ವ್ಯವಸ್ಥೆ ಅದನ್ನೆಲ್ಲ ಬರೆದುಕೊಂಡಿತು. ಎರಡು ವಾರದಲ್ಲಿ ಅದರ ಕ್ಯಾಮೆರಾಗಳು ತಟ್ಟೆ ನೋಡಿ ಜ್ವರ ಗುರುತಿಸತೊಡಗಿದವು. ಭಾರತಮ್ಮ ಅದರ ತಪ್ಪು ತಿದ್ದುವಳು, ಅದು ಒಪ್ಪಿಕೊಂಡರೆ “ಪರವಾಗಿಲ್ವೇ, ಬುದ್ಧಿ ಐತೆ” ಅನ್ನುವಳು.

ಕೊನೆಯ ದಿನ ಕಲಿಸಬೇಕಾಗಿದ್ದುದು ಕೋಣೆ ಶುದ್ಧ ಮಾಡುವ ಕೆಲಸ. ಒಂದು ತಂಡದ ಹುಳು ಹೊರಟ ಮೇಲೆ ಕೋಣೆ ಖಾಲಿ ಮಾಡಿ, ತೊಳೆದು, ಬಾಗಿಲು ಬಿಗಿದು ಒಳಗೆ ರೋಗಾಣು ಕೊಲ್ಲುವ ಫಾರ್ಮಲಿನ್ ಸಿಂಪಡಿಸಿ ಒಂದು ದಿನ ಮುಚ್ಚಿಡಬೇಕು. ಅದರ ಹಬೆ ಕಣ್ಣು ಮೂಗು ಸುಡುತ್ತದೆ. ಹೆಚ್ಚು ಹೊತ್ತು ಉಸಿರಾಡಿದರೆ ಶ್ವಾಸಕೋಶವೇ ಹೋಗುತ್ತದೆ. ಹೊಸ ಏರ್ಪಾಡಿನಲ್ಲಿ ಸಿಂಪಡಿಸುವ ಕೊಳವೆಗಳನ್ನು ಚಾವಣಿಗೇ ಹಾಕಿದ್ದರು.

ಭಾರತಮ್ಮ ಎಂದಿನಂತೆ ಮಾಡಿ ತೋರಿಸಿದಳು. ಬಾಗಿಲು ಹಾಕುವ ಮುಂಚೆ ಒಳಗೆ ಹೋಗಿ, “ಲೋಪಲ ಎವರನ್ನಾ ಉಂಡಾರಾ?” ಎಂದು ತೆಲುಗಿನಲ್ಲಿ ಕೂಗಿ, ತಟ್ಟೆ ಇಡುವ ಚೌಕಟ್ಟುಗಳ ಸಾಲಿನ ಹಿಂದೆಲ್ಲ ಒಂದು ಸುತ್ತು ಹಾಕಿ ಬಂದಳು. ಒಳಗೆ ಯಾರಾದರೂ ಇದ್ದೀರಾ ಎಂದು ಕೇಳಿದ್ದು, ಅಷ್ಟೇ. ಕನ್ನಡಕ್ಕೆ ಹೊಂದಿಸಿಟ್ಟಿದ್ದ ವ್ಯವಸ್ಥೆಗೆ ಆ ಮಾತು ತಿಳಿಯಲಿಲ್ಲ. ಟ್ಯಾಬಿನ ಮೇಲೆ ‘ಉದ್ದೇಶ ತಿಳಿಯದ ಓಡಾಟ’ ಎಂದು ಬಂತು. ಕೆಳಗೆ ಪ್ರಶ್ನೆ: ಇದರಿಂದ ಫಲಿತಾಂಶದಲ್ಲಿ ಏನು ಬದಲಾಗುತ್ತದೆ?

“ಅಕ್ಕಾ, ಬಾಗಿಲು ಹಾಕೋಕೆ ಮುಂಚೆ ಕೂಗಿ, ಸುತ್ತು ಹಾಕಿ ಬಂದ್ರಲ್ಲ, ಅದ್ಯಾಕೆ ಅಂತ ಕೇಳ್ತಾ ಇದೆ.”

“ಯಾಕೆ ಅಂದ್ರೆ? ಅಭ್ಯಾಸ ಕಣಮ್ಮ.”

“ಮಾಡ್ಲಿಲ್ಲ ಅಂದ್ರೆ ಔಷಧಿ ಕೆಲಸ ಮಾಡಲ್ವಾ?”

“ಔಷಧಿ ಪಾಡಿಗೆ ಔಷಧಿ ಕೆಲಸ ಮಾಡ್ತದೆ.”

“ಹುಳಕ್ಕೇನಾದ್ರೂ?”

“ಹುಳ ಎಲ್ಲೈತೆ ಆವಾಗ? ಖಾಲಿ ಕೋಣೆ.” ಭಾರತಮ್ಮ ನಕ್ಕಳು.

ಗಂಟೆ ಹನ್ನೊಂದು ನಲವತ್ತು. ಹನ್ನೆರಡಕ್ಕೆ ಕೋಲಾರದ ಬಸ್ಸು, ಅದು ತಪ್ಪಿದರೆ ಎರಡೂವರೆಗೆ. ಇನ್ನೂ ಹನ್ನೊಂದು ಪ್ರಶ್ನೆ ಬಾಕಿಯಿದ್ದವು. ಮಾಲೂರಿನ ಮುದುಕರು ಕೆಲಸದ ನಡುವೆ ಕೈಮುಗಿಯುತ್ತಿದ್ದುದು, ಬೀಡಿ ಹಚ್ಚುತ್ತಿದ್ದುದು ಎಲ್ಲವನ್ನೂ ಅವಳು ‘ಇತರೆ’ ಎಂಬ ಕಡೆಗೆ ಸರಿಸಿದ್ದಳು. ಹಾಗೇ ಮಾಡಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಇದನ್ನೂ ಬೆರಳಿನಿಂದ ಅಲ್ಲಿಗೆ ಸರಿಸಿದಳು. ಒಟ್ಟು ಇಪ್ಪತ್ತಾರು ಹೆಜ್ಜೆಗಳಾದವು. ಬಸ್ಸು ಸಿಕ್ಕಿತು.

ಕೇಂದ್ರ ಚೆನ್ನಾಗಿ ನಡೆಯಿತು. ಹುಳು ಮೊದಲಿಗಿಂತ ಸಮನಾಗಿ ಬರುತ್ತಿವೆ ಎಂದು ರೈತರೂ ಹೇಳಿದರು. ಆರು ತಿಂಗಳಾದ ಮೇಲೆ ಚನ್ನರಾಯಪ್ಪ ಭಾರತಮ್ಮನನ್ನು ಹುಳದ ಕೋಣೆಯಿಂದ ಸೊಪ್ಪಿನ ಕೊಟ್ಟಿಗೆಗೆ ಕಳಿಸಿದರು. ಕೋಣೆ ನೋಡಿಕೊಳ್ಳಲು ಮೋಟಾರ್ ರಿಪೇರಿ ಗೊತ್ತಿದ್ದ ವೆಂಕಟ್ ಬಂದ. ಟ್ಯಾಬು ಏನು ಹೇಳಿದರೆ ಅದನ್ನು ಮಾಡುವುದು ಅವನ ಕೆಲಸ.

ಇನ್ನೆರಡು ತಿಂಗಳು ಕಳೆದಿರಬೇಕು. ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಟ್ಯಾಬು ‘ಕೋಣೆ ಸಿದ್ಧ, ಬಾಗಿಲು ಹಾಕಿ’ ಎಂದಿತು. ಕ್ಯಾಮೆರಾಗಳು ನೋಡುತ್ತಿದ್ದುದು ತಟ್ಟೆಗಳನ್ನು, ತಟ್ಟೆಗಳು ಖಾಲಿಯಿದ್ದವು. ವೆಂಕಟ್ ಬಾಗಿಲು ತಳ್ಳಿದ. ಹಬೆ ಹೊರಗೆ ಬರಬಾರದೆಂದು ಚಿಲಕ ತಾನಾಗಿ ಬೀಳುವಂತೆ, ಕೆಲಸ ಮುಗಿಯುವವರೆಗೆ ಒಳಗಿನಿಂದಲೂ ತೆರೆಯದಂತೆ ಮಾಡಿದ್ದರು; ಅದು ಬಿತ್ತು, ಚಾವಣಿಯ ಕೊಳವೆಗಳು ಸಿಂಪಡಿಸತೊಡಗಿದವು. ಹಿಂದಿನ ಸಾಲಿನ ಕೆಳಗೆ ಮುನಿಯಲ್ಲಮ್ಮ ಕುಕ್ಕರುಗಾಲಿನಲ್ಲಿ ಕೂತು ಗೋಡೆಗಂಟಿದ್ದ ಹಿಕ್ಕೆ ಕೆರೆಯುತ್ತಿದ್ದಳು.

ಟೀ ಹೊತ್ತಿಗೆ ಭಾರತಮ್ಮ ಕೊಟ್ಟಿಗೆಯಿಂದ ಬಂದು ಆ ಕಡೆ ಈ ಕಡೆ ನೋಡಿದಳು. “ಮುನಿಯಲ್ಲಮ್ಮ ಎಲ್ಲಪ್ಪಾ?” ಎಂದಳು. ಯಾರೂ ನೋಡಿರಲಿಲ್ಲ. ಮುಚ್ಚಿದ ಬಾಗಿಲು ಅವಳ ಕಣ್ಣಿಗೆ ಬಿತ್ತು. ವೆಂಕಟ್ ಓಡಿಹೋಗಿ ಕರೆಂಟಿನ ಮೇನ್ ಸ್ವಿಚ್ಚು ಆರಿಸಿ, ಕಬ್ಬಿಣದ ಸರಳಿನಿಂದ ಚಿಲಕ ಮುರಿಯುವ ಹೊತ್ತಿಗೆ ಮೂವತ್ತೈದು ನಿಮಿಷವಾಗಿತ್ತು. ಮುನಿಯಲ್ಲಮ್ಮ ಬಾಗಿಲಿನ ಹತ್ತಿರವೇ ಬಿದ್ದಿದ್ದಳು.

ಕೋಲಾರದ ಆಸ್ಪತ್ರೆಗೆ ಶೋಭಾರಾಣಿ ಮಾರನೆಯ ದಿನ ಹೋದಳು. ವಾರ್ಡಿನ ಹೊರಗೆ ಮುನಿಯಲ್ಲಮ್ಮನ ಗಂಡ ಶ್ರೀರಾಮಪ್ಪ ಗೋಡೆಗೊರಗಿ ಕೂತಿದ್ದ. ಒಳಗೆ ಮುನಿಯಲ್ಲಮ್ಮನ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಕಿವಿ ಮೊದಲೇ ಇಲ್ಲ, ಈಗ ಕಣ್ಣೂ ಇಲ್ಲ; ತನಗೆ ಏನಾಗಿದೆ, ಎಲ್ಲಿದ್ದೇನೆ ಎಂದು ಅವಳಿಗೆ ತಿಳಿಸುವ ದಾರಿಯೇ ಇರಲಿಲ್ಲ. ಭಾರತಮ್ಮ ಪಕ್ಕದಲ್ಲಿ ನಿಂತು ಅವಳ ಭುಜವನ್ನು ಒಂದು ಸಲ ತಟ್ಟುವಳು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ ತಟ್ಟುವಳು. ಮುನಿಯಲ್ಲಮ್ಮನ ಬೆರಳು ಪ್ರತಿ ಸಲವೂ ಅಲುಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ಮುನಿಯಲ್ಲಮ್ಮ ತೀರಿಕೊಂಡಳು.

ಹತ್ತು ದಿನದಲ್ಲಿ ಕಂಪನಿಯ ವರದಿ ಬಂತು. ವ್ಯವಸ್ಥೆ ತನಗೆ ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿದೆ. ಕೋಣೆಯಲ್ಲಿ ಜನರಿಲ್ಲವೆಂದು ನೋಡಿಕೊಳ್ಳುವ ಹೆಜ್ಜೆಯನ್ನು ಕಲಿಸಿದವರು ಹೇಳಿಲ್ಲ. ಕಲಿಸಿದವರು: ಭಾರತಮ್ಮ. ಚನ್ನರಾಯಪ್ಪ ಅದನ್ನು ಓದಿ ಹೇಳಿ, ಹೌದೆಂದು ಭಾರತಮ್ಮನಿಂದ ಸಹಿ ಹಾಕಿಸಿಕೊಂಡರು. ಪೊಲೀಸರು ಅವಳನ್ನೂ ವೆಂಕಟನನ್ನೂ ಕರೆದು ಕೇಳಿದರು, ಮತ್ತೆ ಕರೆದರು.

ಶೋಭಾರಾಣಿ ಹಳೆಯ ಪಾಠದ ದಾಖಲೆಯನ್ನು ತೆರೆದು ನೋಡಿದಳು. ಹೇಳಿಲ್ಲ ಎಂಬುದು ಸುಳ್ಳು. ಭಾರತಮ್ಮ ಹೇಳಿದ್ದಳು, ಮಾಡಿಯೂ ತೋರಿಸಿದ್ದಳು. ವಿಡಿಯೋದಲ್ಲಿ ಅವಳ ಕೂಗು, ಅವಳ ಸುತ್ತು, ತನ್ನ ಪ್ರಶ್ನೆ, ಅವಳ ನಗು ಎಲ್ಲ ಇತ್ತು. ಅದರ ಮುಂದೆ ಒಂದು ಸಾಲು: ಇತರೆಗೆ ಸರಿಸಿದವರು ಶೋಭಾರಾಣಿ, ೧೧:೪೦. ಅದನ್ನು ಬೇರೆ ಯಾರೂ ತೆರೆದು ನೋಡಿದ ಗುರುತಿರಲಿಲ್ಲ.

ಅವಳು ಅದನ್ನು ಕಂಪನಿಯ ಕೋಲಾರದ ಕಚೇರಿಯಲ್ಲಿ ಅರುಣ್‌ಕುಮಾರರಿಗೆ ತೋರಿಸಿದಳು. ಮುಳಬಾಗಿಲಿನ ಕಡೆಯವರು, ಅವಳನ್ನು ಕೆಲಸಕ್ಕೆ ತೆಗೆದುಕೊಂಡವರು, ಒಂದು ದಿನವೂ ಗದರಿದವರಲ್ಲ.

“ಬೇರೆ ಯಾರಿಗಾದ್ರೂ ತೋರಿಸಿದ್ರಾ?”

“ಇಲ್ಲ ಸರ್.”

“ಆಯಮ್ಮನೇ ಅಭ್ಯಾಸ ಅಂದಿದ್ದಾರೆ, ನೀವು ಹಾಗೇ ತುಂಬಿದ್ದೀರಿ. ನಿಮ್ಮ ತಪ್ಪೇನಿದೆ ಇದರಲ್ಲಿ?”

“ಅವರ ತಪ್ಪೂ ಇಲ್ವಲ್ಲ ಸರ್.”

“ಯಾರಾದ್ರೂ ಒಬ್ಬರ ಹೆಸರು ಇರಲೇಬೇಕಾಗ್ತದೆ ಶೋಭಾ. ಆಯಮ್ಮಂಗೇನೂ ಆಗಲ್ಲ, ವಯಸ್ಸಾದೋರು. ಇದು ಹೊರಗೆ ಬಂದ್ರೆ ನಿಮ್ಮ ಜೀವನ ಹಾಳಾಗ್ತದೆ.” ಆಮೇಲೆ ಸಮಾಧಾನ ಹೇಳುವವರಂತೆ, “ಆಗಲೇ ಸರಿ ಮಾಡಿದ್ದೀವಿ. ಇಪ್ಪತ್ತೇಳನೇ ಹೆಜ್ಜೆ ಸೇರಿಸಿದ್ದೀವಿ. ಬಾಗಿಲು ಹಾಕೋ ಮುಂಚೆ ಸ್ಪೀಕರಲ್ಲಿ ಮೂರು ಸಲ ಕೂಗಿ ಹೇಳ್ತದೆ” ಎಂದರು.

“ಮುನಿಯಲ್ಲಮ್ಮಂಗೆ ಕಿವಿ ಕೇಳ್ತಿರ್ಲಿಲ್ಲ ಸರ್.”

ಅರುಣ್‌ಕುಮಾರ್ ಟ್ಯಾಬನ್ನು ಅವಳ ಕಡೆ ಸರಿಸಿದರು. “ಅದು ನನಗೆ ಗೊತ್ತಿರ್ಲಿಲ್ಲ” ಎಂದರು.

“ನನಗೆ ಗೊತ್ತಿತ್ತು.”

ಇಷ್ಟು ಹೇಳಿ ಬಂದವಳು ನೇರವಾಗಿ ಪೊಲೀಸರ ಬಳಿಗೆ ಹೋದಳು ಎಂದು ಬರೆಯಬಹುದಿತ್ತು, ಆದರೆ ಹೋಗಲಿಲ್ಲ. ಹನ್ನೊಂದು ದಿನ ಸುಮ್ಮನಿದ್ದಳು. ಎಂದಿನಂತೆ ಕೆಲಸಕ್ಕೆ ಹೋದಳು, ತರಬೇತಿಗೆ ಬಂದ ಹೊಸಬರಿಗೆ ಪ್ರಶ್ನೆ ಕೇಳುವ ಬಗೆ ತೋರಿಸಿದಳು. ಜೈಲಿನ ಯೋಚನೆ ಬರುತ್ತಿತ್ತು, ತಾಯಿಯ ಯೋಚನೆ ಬರುತ್ತಿತ್ತು. ಭಾರತಮ್ಮನಿಗೇನೂ ಆಗುವುದಿಲ್ಲ ಎಂಬ ಮಾತನ್ನು ನಂಬಿಕೊಳ್ಳಲು ನೋಡಿದಳು. ಹನ್ನೆರಡನೆಯ ದಿನ ವೆಂಕಟ್ ಫೋನ್ ಮಾಡಿ, “ಮೇಡಂ, ಭಾರತಮ್ಮ ಊಟ ಬಿಟ್ಟವ್ರೆ. ನಾನೇ ಕೊಂದೆ ಅಂತ ಶ್ರೀರಾಮಪ್ಪನ ಮನೆ ಮುಂದೆ ಹೋಗಿ ಕೂತ್ಕೊಳ್ತಾರೆ, ಆಯಪ್ಪ ಎಬ್ಬಿಸಿ ಕಳಿಸ್ತಾನೆ” ಎಂದ.

ಶೋಭಾರಾಣಿ ಹೋದಾಗ ಭಾರತಮ್ಮ ತನ್ನ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕೆನ್ನೆ ಒಳಕ್ಕೆ ಹೋಗಿದ್ದವು.

“ಕಂಪ್ಯೂಟರ್ ಸರಿಯಾಗೇ ಕೇಳ್ತು ಶೋಭಮ್ಮ, ಯಾಕೆ ಅಂತ. ನಾನು ಅಭ್ಯಾಸ ಅಂದುಬಿಟ್ಟೆ,” ಎಂದಳು. “ಹತ್ತೊಂಬತ್ತು ವರ್ಷದ ಹಿಂದೆ ಒಂದ್ಸಲ ಮುನಿಯಲ್ಲಮ್ಮನ್ನ ಒಳಗೇ ಬಿಟ್ಟು ಬಾಗಿಲು ಹಾಕಿದ್ದೆ. ಇನ್ನೂ ಔಷಧಿ ಹೊಡೆದಿರ್ಲಿಲ್ಲ, ಬದುಕಿದ್ಲು. ಅವತ್ತಿಂದ ಒಳಗೆ ಹೋಗಿ ನೋಡ್ಕೊಂಡು ಬರೋದು. ಅವಳಿಗೋಸ್ಕರಾನೇ ಶುರು ಮಾಡಿದ್ದು. ಆಮೇಲೆ ಯಾಕೆ ಮಾಡ್ತೀನಿ ಅನ್ನೋದೇ ಮರ್ತೋಯ್ತು. ಕಾಲೇ ಹೋಗಿ ಬರ್ತಿತ್ತು.”

“ನೀವು ಹೇಳಿದ್ರಿ ಅಕ್ಕ. ಮಾಡಿ ತೋರಿಸಿದ್ರಿ. ನಾನೇ ಅದನ್ನ ಪಕ್ಕಕ್ಕೆ ಹಾಕ್ದೆ.”

ಭಾರತಮ್ಮನ ಕೈ ನಿಂತಿತು. “ಯಾಕೆ?”

ಶೋಭಾರಾಣಿ ಇನ್ನೇನೋ ಹೇಳಬೇಕೆಂದುಕೊಂಡಿದ್ದಳು. ವ್ಯವಸ್ಥೆಯ ನಿಯಮ, ತರಬೇತಿ, ಎಲ್ಲ. “ಹನ್ನೆರಡಕ್ಕೆ ಬಸ್ಸಿತ್ತು” ಎಂದಳು.

ಭಾರತಮ್ಮ ಕೈಯಲ್ಲಿದ್ದ ಕಾಯನ್ನು ಸುಲಿದು ಮೊರಕ್ಕೆ ಹಾಕಿದಳು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು, “ನನ್ನ ಮುಂದೆ ಹೇಳಿ ಏನಾಗ್ಬೇಕು? ಎಲ್ಲಿ ಹೇಳ್ಬೇಕೋ ಅಲ್ಲಿ ಹೋಗಿ ಹೇಳು. ಈ ಮನೆಗೆ ಮಾತ್ರ ಬರ್ಬೇಡ ಇನ್ನು” ಎಂದು ಒಳಗೆ ಹೋದಳು.

ಶೋಭಾರಾಣಿ ಅಂದೇ ಪೊಲೀಸರಿಗೆ ಹೇಳಿಕೆ ಕೊಟ್ಟಳು, ವಿಡಿಯೋದ ಪ್ರತಿಯನ್ನೂ ಕೊಟ್ಟಳು. ಆರೋಪಿಗಳ ಪಟ್ಟಿಯಿಂದ ಭಾರತಮ್ಮನ ಹೆಸರು ಹೋಗುತ್ತದೆಂದು ಅವಳು ನಂಬಿದ್ದಳು. ಹೋಗಲಿಲ್ಲ, ಅದರ ಕೆಳಗೆ ಶೋಭಾರಾಣಿಯ ಹೆಸರು ಸೇರಿತು. ಒಳಗಿನಿಂದ ತೆರೆಯದ ಚಿಲಕವನ್ನು ಯಾರು ಒಪ್ಪಿದರು, ತಟ್ಟೆಗಳನ್ನು ಮಾತ್ರ ನೋಡುವ ಕ್ಯಾಮೆರಾ ಸಾಕೆಂದು ಯಾರು ಹೇಳಿದರು ಎಂಬುದನ್ನು ಅವಳು ಬರೆದುಕೊಟ್ಟಿದ್ದಳು. ಆ ಹೆಸರುಗಳು ಪಟ್ಟಿಗೆ ಬರಲಿಲ್ಲ. ಕಂಪನಿಯ ಗುಟ್ಟನ್ನು ಹೊರಗೆ ಕೊಟ್ಟಳೆಂದು ಅವಳನ್ನು ಕೆಲಸದಿಂದ ತೆಗೆದರು. ಅರುಣ್‌ಕುಮಾರ್ ಆಮೇಲೆ ಫೋನ್ ಎತ್ತಲಿಲ್ಲ.

ಈಗ ಅವಳು ಹೋಳೂರಿನಲ್ಲಿ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಪರೀಕ್ಷೆ ಮಾಡುತ್ತಾಳೆ. ಚಾಕಿ ಕೇಂದ್ರ ನಡೆಯುತ್ತಿದೆ. ಭಾರತಮ್ಮ ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ಕೋರ್ಟಿನಲ್ಲಿ ದಿನ ಬಿದ್ದಾಗ ಇಬ್ಬರೂ ಬರುತ್ತಾರೆ, ಒಂದೇ ಬೆಂಚಿನ ಎರಡು ತುದಿಗೆ ಕೂರುತ್ತಾರೆ.

ಮೂರನೆಯ ಸಲ ಬಂದಾಗ ಶ್ರೀರಾಮಪ್ಪನೂ ಬಂದಿದ್ದ. ಕೇಸು ಮುಂದಕ್ಕೆ ಹೋಯಿತೆಂದು ಗೊತ್ತಾದ ಮೇಲೆ ಅವನು ಶೋಭಾರಾಣಿಯ ಬಳಿ ಬಂದು ನಿಂತ.

“ಆ ಕಂಪ್ಯೂಟರಲ್ಲಿ ಎಲ್ಲಾ ಬರೆದಿರ್ತದಂತಲ್ಲಮ್ಮ. ನಮ್ಮವಳು ಬಾಗಿಲು ತೆಗೆಯೋಕೆ ನೋಡಿದ್ಲಾ, ಇಲ್ಲ ಕೂತಲ್ಲೇ ಬಿದ್ದೋದ್ಲಾ? ಅದೊಂದು ಹೇಳು.”

ಚಿಲಕವನ್ನು ಒಳಗಿನಿಂದ ಎಳೆದದ್ದು ದಾಖಲೆಯಲ್ಲಿತ್ತು. ಹದಿಮೂರು ಸಲ, ಒಂಬತ್ತು ನಿಮಿಷದ ಉದ್ದಕ್ಕೂ. ಶೋಭಾರಾಣಿ ಅದನ್ನು ಕಂಡ ದಿನದಿಂದ ತನ್ನ ತಾಯಿಗೂ ಹೇಳಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಬೆಂಚಿನ ಆ ತುದಿಯಲ್ಲಿ ಭಾರತಮ್ಮ ತಲೆಯೆತ್ತಿ ಇವರತ್ತ ನೋಡುತ್ತಿದ್ದಳು.

“ನೋಡಿದ್ರಣ್ಣ,” ಎಂದಳು. “ಹದಿಮೂರು ಸಲ ಎಳೆದವ್ರೆ. ಒಂಬತ್ತು ನಿಮಿಷ.”

ಶ್ರೀರಾಮಪ್ಪ ತಲೆಯಾಡಿಸಿದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಮುಂದಿನ ದಿನ ಯಾವತ್ತು ಎಂದು ಕೇಳಿದ. ಅವಳು ಹೇಳಿದಳು. ಅವನು ಅದನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡು ಬಸ್ ನಿಲ್ದಾಣದ ಕಡೆ ನಡೆದ.